ಕೊಟ್ಟೂರಿನ ಸರ್ಕಲ್ ಮಟ್ಟು

2023ರ ಮಾರ್ಚ್ ತಿಂಗಳಲ್ಲಿ, ಹರಪನಹಳ್ಳಿಯ ಬ್ಯಾಂಡ್ ಮಾಸ್ತರ ದುರುಗಪ್ಪನವರು ಕಟ್ಟಿದ ಎಂಟು ಮಟ್ಟುಗಳನ್ನು ಎಂಟು ಕಲಾವಿದರು ತಮ್ಮ ತಮ್ಮ ರೀತಿಯಲ್ಲಿ ನುಡಿಸಿದ ಆಲ್ಬಮ್ ಇಂಟರ್‌ನೆಟ್‌ನಲ್ಲಿ ಬಿಡುಗಡೆಯಾಯಿತು. ಏಳನೆಯ ಮಟ್ಟನ್ನು ನುಡಿಸಿದವರು ಕೊಟ್ಟೂರಿನ ಮಾರೆಪ್ಪ. ಅವರಿಗೂ ದುರುಗಪ್ಪನವರಿಗೂ ಮೂವತ್ತು ವರ್ಷ ಮಾತಿರಲಿಲ್ಲ.

ಆಗ ನಾನು ದಿನಪತ್ರಿಕೆಯೊಂದರ ಹರಪನಹಳ್ಳಿ ವರದಿಗಾರನಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ಮೆಕ್ಕೆಜೋಳದ ಧಾರಣೆ, ಪುರಸಭೆಯ ಸಭೆ, ರಸ್ತೆ ಅಪಘಾತ ನನ್ನ ನಿತ್ಯದ ಸುದ್ದಿಗಳು. ದುರುಗಪ್ಪನವರು ತೀರಿಕೊಂಡಾಗ ನಾನು ಬರೆದ ಲೇಖನ ಬೆಂಗಳೂರಿನ ಸ್ಯಾಕ್ಸೋಫೋನ್ ವಾದಕಿ ಅನಿತಾ ಅವರ ಕಣ್ಣಿಗೆ ಬಿದ್ದಿತ್ತು. ಇಟ್ಟಿಗಿಯ ಮದುವೆಯೊಂದರಲ್ಲಿ ಅವರು ಮಾಸ್ತರರ ಕ್ಲಾರಿಯೋನೆಟ್ ಕೇಳಿದ್ದರು. ಆಲ್ಬಮ್ ಮಾಡಲು ಹೊರಟ ಅವರು ಪ್ರತಿ ಮಟ್ಟಿನ ಹಿನ್ನೆಲೆ ಪರಿಶೀಲಿಸಿ ಬರೆದುಕೊಡುವ ಕೆಲಸವನ್ನು ನನಗೆ ವಹಿಸಿದರು.

ದುರುಗಪ್ಪನವರು ಹುಡುಗನಾಗಿದ್ದಾಗ ಮನೆ ಬಿಟ್ಟು ಸರ್ಕಸ್ ಕಂಪನಿ ಸೇರಿದವರು. ಅಲ್ಲಿನ ಬ್ಯಾಂಡಿನಲ್ಲಿ ಗೋವಾದ ಟ್ರಂಪೆಟ್ ವಾದಕರೊಬ್ಬರು ಅವರಿಗೆ ಜಾಝ್ ಕಲಿಸಿದರು. ಜಾಝ್‌ನಲ್ಲಿ ವಾದಕ ಮೂಲ ಮಟ್ಟನ್ನು ಒಮ್ಮೆ ನುಡಿಸಿ, ಆಮೇಲೆ ಅದನ್ನು ಬಿಟ್ಟು ತನಗೆ ತೋಚಿದ ಕಡೆ ಹೋಗಿ, ಮತ್ತೆ ಅಲ್ಲಿಗೇ ಮರಳುತ್ತಾನೆ. ಇದನ್ನು ಇಂಪ್ರೊವೈಸೇಷನ್ ಎನ್ನುತ್ತಾರೆ. ಮಾಸ್ತರರು ಆ ಶಬ್ದ ಬಳಸಿದ್ದನ್ನು ನಾನು ಕೇಳಿಲ್ಲ. "ಊರೆಲ್ಲಾ ಸುತ್ತು, ಆದ್ರ ಮನಿಗೆ ಬಾ" ಎಂದು ಶಿಷ್ಯರಿಗೆ ಹೇಳುತ್ತಿದ್ದರು. ಊರಿಗೆ ಮರಳಿ ಬ್ಯಾಂಡ್‌ಸೆಟ್ ಕಟ್ಟಿ, ಜೀವನಪೂರ್ತಿ ಮದುವೆಗಳಲ್ಲಿ ನುಡಿಸಿದರು.

ಆಲ್ಬಮ್ ಸುದ್ದಿ ಹರಡಿದ ಕೂಡಲೇ ಶಿಷ್ಯರಲ್ಲಿ ಮುನಿಸು ಶುರುವಾಯಿತು. ಯಾರಿಗೆ ಯಾವ ಮಟ್ಟು, ಯಾರದು ಎಷ್ಟು ನಿಮಿಷ, ಯಾರ ಹೆಸರು ಮೇಲೆ ಎಂಬ ಲೆಕ್ಕ ನಡೆಯಿತು. ಹಿರಿಯ ಶಿಷ್ಯ ಹಾಲೇಶ್ ಮಾಸ್ತರರ ಬ್ಯಾಂಡನ್ನೇ ಈಗ ನಡೆಸುತ್ತಿದ್ದರು. ಒಂದು ಮಟ್ಟು ನುಡಿಸಲಿದ್ದ ಬೆಂಗಳೂರಿನ ಪಿಯಾನೊ ವಾದಕನ ಫೋಟೊ ಮುಂಚೆಯೇ ಮೊಬೈಲಿನಲ್ಲಿ ಓಡಾಡಿದ್ದು ಅವರಿಗೆ ಸರಿಬರಲಿಲ್ಲ. "ಮಾಸ್ತರ ಪೆಟ್ಟಿಗಿ ಹೊತ್ತಾವ ನಾನು. ಫೋಟೊ ಮಾತ್ರ ಪಿಯಾನೊದಾವಂದು" ಎಂದರು.

ಆದರೆ ಹಾಲೇಶ್ ಅವರಿಗೇ ಎಂದು ಇಟ್ಟಿದ್ದ ಸರ್ಕಲ್ ಮಟ್ಟಿನಲ್ಲೇ ತೊಡಕು ಎದುರಾಯಿತು. ಮಾಸ್ತರರ ಮಟ್ಟುಗಳಲ್ಲಿ ಅತ್ಯಂತ ಹೆಸರಾದದ್ದು ಅದು. ಮೆರವಣಿಗೆ ಸರ್ಕಲ್ಲಿಗೆ ಬಂದು ನಿಂತಾಗ ನುಡಿಸುತ್ತಿದ್ದರು. ಮೊದಲ ಅರ್ಧ ಮುಗಿಯುವಷ್ಟರಲ್ಲಿ ಪಟಾಕಿ ಹಚ್ಚುತ್ತಿದ್ದರು, ಡ್ರಮ್ಮಿನವರು ಜೋರು ಮಾಡುತ್ತಿದ್ದರು, ಹುಡುಗರು ಕುಣಿಯುತ್ತಿದ್ದರು. ಎರಡನೆಯ ಅರ್ಧವನ್ನು ಮಾಸ್ತರರೊಬ್ಬರೇ ಆ ಗದ್ದಲದೊಳಗೆ ನುಡಿಸುತ್ತಿದ್ದರು. ಮದುವೆ ವಿಡಿಯೊಗಳಲ್ಲಿ ಕೇಳಿಸುವುದು ಪಟಾಕಿ ಮಾತ್ರ. ಆ ಎರಡನೆಯ ಅರ್ಧ ಹೇಗೆಂದು ಮೂವರು ಶಿಷ್ಯರನ್ನು ಕೇಳಿದೆ. ಮೂವರೂ ಮೂರು ಬಗೆಯಾಗಿ ನುಡಿಸಿ, ಉಳಿದಿಬ್ಬರದು ತಪ್ಪು ಎಂದರು. ಸರಿಯಾದದ್ದು ಸಿಗದಿದ್ದರೆ ಆ ಮಟ್ಟನ್ನೇ ಕೈಬಿಡುವುದಾಗಿ ಅನಿತಾ ತಿಳಿಸಿದರು.

ಆ ಮಟ್ಟಿಗೊಂದು ಹಿನ್ನೆಲೆಯಿತ್ತು. ನಮ್ಮ ಕಡೆ ಒಂದೇ ಮುಹೂರ್ತದ ಎರಡು ಮೆರವಣಿಗೆಗಳು ಎದುರಾದರೆ ಬ್ಯಾಂಡಿನವರ ನಡುವೆ ಜಿದ್ದು ಬೀಳುತ್ತಿತ್ತು. ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಜವಾಬು ಕೊಡಬೇಕು. ಜವಾಬು ಕೊಡಲಾಗದ ಬ್ಯಾಂಡ್ ಪಕ್ಕಕ್ಕೆ ಸರಿದು, ಎದುರಿನ ಮದುಮಗನಿಗೆ ದಾರಿ ಬಿಡಬೇಕು. ಮೂವತ್ತು ವರ್ಷಕ್ಕೂ ಹಿಂದೆ ಕೊಟ್ಟೂರಿನ ಸರ್ಕಲ್‌ನಲ್ಲಿ ದುರುಗಪ್ಪನವರು ಈ ಮಟ್ಟನ್ನು ಮೊದಲ ಸಲ ನುಡಿಸಿದಾಗ ಎದುರಿದ್ದವರು ಅದೇ ಊರಿನ ಮಾರೆಪ್ಪ. ಅವರು ತಮ್ಮ ಊರಿನಲ್ಲೇ, ತಮ್ಮ ಜನರ ಎದುರೇ ದಾರಿ ಬಿಟ್ಟರು.

ಹರಪನಹಳ್ಳಿಯವರು ಹೇಳಿದ್ದು ಇಷ್ಟು. ಪತ್ರಿಕೆಯ ನಿಯಮದಂತೆ ಇನ್ನೊಂದು ಕಡೆಯವರನ್ನೂ ಕೇಳಬೇಕಿತ್ತು. ಕೊಟ್ಟೂರಿಗೆ ಹೋದೆ.

ಎಪ್ಪತ್ತು ದಾಟಿದ್ದ ಮಾರೆಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ಜಿದ್ದಿನ ಸಂಗತಿಯನ್ನು ಅಲ್ಲಗಳೆಯಲಿಲ್ಲ. ಮಟ್ಟು ಕೇಳುತ್ತಾ ತಮ್ಮ ಕ್ಲಾರಿಯೋನೆಟ್ ತಾನಾಗಿ ಕೆಳಗಿಳಿಯಿತೆಂದರು. ಅದಾದ ಮೇಲೆ, ದುರುಗಪ್ಪನವರ ಬ್ಯಾಂಡ್ ಕೂಡ್ಲಿಗಿಯಲ್ಲಿರಲಿ, ಕಾನಹೊಸಹಳ್ಳಿಯಲ್ಲಿರಲಿ, ಬಿಡುವಿದ್ದಾಗಲೆಲ್ಲ ಬಸ್ ಹಿಡಿದು ಹೋಗಿ, ಟವೆಲನ್ನು ತಲೆಗೆ ಸುತ್ತಿಕೊಂಡು ಬ್ಯಾಂಡಿನ ಬೆನ್ನಿಗೇ ನಿಂತು ಕೇಳುತ್ತಿದ್ದರಂತೆ. "ಊಟಕ್ಕ ಒಮ್ಮೆನೂ ಕುಂತಿಲ್ಲ. ಕರೀದ ಮದಿವ್ಯಾಗ ಉಂಡ್ರ ಮರ್ಯಾದಿ ಅಲ್ಲ."

ಹಾಗೆ ಹೇಳುತ್ತಲೇ ಸರ್ಕಲ್ ಮಟ್ಟನ್ನು ಬಾಯಲ್ಲಿ ಗುನುಗಿದರು. ಮೊದಲ ಅರ್ಧ ಮುಗಿದರೂ ನಿಲ್ಲಿಸಲಿಲ್ಲ. ಇದೆಲ್ಲ ಹೇಗೆ ನೆನಪಿದೆ ಎಂದು ಕೇಳಿದೆ.

"ಸೋತಾವಗ ಎಲ್ಲಾ ನೆನಪಿರ್ತೈತಿ ಸರ. ಗೆದ್ದಾವ ಮನಿಗೆ ಹೋಗಿ ಮಕ್ಕಂತಾನ."

ರೆಕಾರ್ಡ್ ಮಾಡಲು ಮೊಬೈಲ್ ತೆಗೆದೆ. ಅವರು ಅಂಗೈಯಿಂದ ಅದನ್ನು ಮುಚ್ಚಿದರು. ಆಲ್ಬಮ್‌ನಲ್ಲಿ ಎಷ್ಟು ಮಟ್ಟುಗಳಿವೆ ಎಂದು ವಿಚಾರಿಸಿದರು. ಎಂಟು ಎಂದೆ. "ಎಂಟೂ ದುರುಗ್ಯಾನವ. ನಾನೂ ಮಟ್ಟು ಕಟ್ಟೀನಿ. ಅವನ್ನ ಯಾರು ಕೇಳ್ಯಾರ?" ಎಂದರು. ಮೊಬೈಲನ್ನು ಜೇಬಿಗಿಟ್ಟೆ. ನಾನು ಏಳುವ ಹೊತ್ತಿಗೆ ಅವರೇ ಷರತ್ತು ಹೇಳಿದರು. ನುಡಿಸುವುದಾದರೆ ತಾವೇ ನುಡಿಸಬೇಕು, ಯಾರಿಗೂ ಕಲಿಸುವುದಿಲ್ಲ. ಮತ್ತು ದುರುಗಪ್ಪನ ಮಗ, ಶಿಷ್ಯರೆಲ್ಲರ ಎದುರು, ತಮ್ಮ ಕಡೆಯವರಲ್ಲಿ ಯಾರಿಗೂ ಆ ಮಟ್ಟು ಬರುವುದಿಲ್ಲವೆಂದು ಹೇಳಬೇಕು.

ಈ ಮಾತನ್ನು ಹರಪನಹಳ್ಳಿಗೆ ಮುಟ್ಟಿಸಿದೆ. ಹಾಲೇಶ್ ಕೆರಳಿದರು. ಮಟ್ಟು ಹೋದರೆ ಹೋಗಲಿ, ಮಾಸ್ತರರ ಎದುರು ಸೋತವನ ಕೈಯಲ್ಲಿ ಅದು ಉಳಿಯುವುದು ಬೇಡ ಎಂಬುದು ಅವರ ವಾದ. ಮಾಸ್ತರರ ಮಗ ನಾಗರಾಜ್ ಮೈಕ್ ಸೆಟ್ಟಿನ ಅಂಗಡಿ ಇಟ್ಟವರು, ಬ್ಯಾಂಡ್ ಕಲಿತವರಲ್ಲ. ಎರಡು ದಿನದ ನಂತರ ಅವರು ಮಾರೆಪ್ಪನವರನ್ನು ಕರೆತರಲು ಕಾರು ಕಳಿಸಿದರು.

ರೆಕಾರ್ಡಿಂಗ್ ನಡೆದದ್ದು ಹರಪನಹಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ. ಫ್ಯಾನ್ ಬಂದ್ ಮಾಡಿ ಕಿಟಕಿ ಮುಚ್ಚಿದ್ದರಿಂದ ಎಲ್ಲರೂ ಬೆವರುತ್ತಿದ್ದರು. ಶಿಷ್ಯರು ಗೋಡೆಗೆ ಒರಗಿ ಕುಳಿತಿದ್ದರು. ಮಾರೆಪ್ಪ ಕ್ಲಾರಿಯೋನೆಟ್ ಪೆಟ್ಟಿಗೆ ತೆರೆಯದೆ ಕಾಯುತ್ತಿದ್ದರು. ನಾಗರಾಜ್ ಎದ್ದು ನಿಂತರು.

"ನಮಗ್ಯಾರಿಗೂ ಬರಂಗಿಲ್ಲ ಕಾಕಾ. ನೀವ ನುಡಿಸ್ರಿ."

ಮಾರೆಪ್ಪ ಪೆಟ್ಟಿಗೆ ತೆರೆದರು. ಮೊದಲ ಅರ್ಧವನ್ನು ಒಂದು ಸ್ವರವೂ ಆಚೀಚೆ ಆಗದಂತೆ ನುಡಿಸಿದರು. ಎರಡನೆಯ ಅರ್ಧ ಶುರುವಾದಾಗ ಶಿಷ್ಯರಲ್ಲೊಬ್ಬರು ಕಣ್ಣೊರೆಸಿಕೊಂಡರು. ಅದು ಮುಗಿದಾಗ ಅನಿತಾ ರೆಕಾರ್ಡಿಂಗ್ ನಿಲ್ಲಿಸಲು ಕೈ ಎತ್ತಿದರು. ಮಾರೆಪ್ಪ ನಿಲ್ಲಿಸಲಿಲ್ಲ. ಅದೇ ಮಟ್ಟಿನಿಂದ ಹೊರಟು ಬೇರೆಲ್ಲೋ ಹೋದರು. ಸುಮಾರು ಒಂದು ನಿಮಿಷದ ನಂತರ ಮೊದಲಿನ ಸಾಲಿಗೆ ಬಂದು ನಿಂತರು.

ಹಾಲೇಶ್ ಎದ್ದರು. "ಇದು ನಮ್ಮ ಮಾಸ್ತರದಲ್ಲ."

"ಅಲ್ಲಪಾ" ಎಂದರು ಮಾರೆಪ್ಪ, ಕ್ಲಾರಿಯೋನೆಟ್ ಒರೆಸುತ್ತಾ. "ಅವತ್ತು ಸರ್ಕಲ್‌ನ್ಯಾಗ ನಾನು ಕೊಡಬೇಕಿದ್ದ ಜವಾಬು ಇದು. ಸ್ವಲ್ಪ ತಡಾ ಆತು."

ಆ ಒಂದು ನಿಮಿಷವನ್ನು ಕತ್ತರಿಸಬೇಕೆಂದು ಹಾಲೇಶ್ ಪಟ್ಟು ಹಿಡಿದರು. ಮಾರೆಪ್ಪ ವಾದಿಸದೆ ಹೊರಗೆ ಹೋಗಿ ಬೀಡಿ ಹಚ್ಚಿದರು. ಅನಿತಾ ಮಾಸ್ತರರ ಮಗನ ಮುಖ ನೋಡಿದರು. ಇರಲಿ ಎಂದರು ನಾಗರಾಜ್. ಆಲ್ಬಮ್‌ನ ವಿವರದಲ್ಲಿ ನಾನು ಹೀಗೆ ಬರೆದೆ: ರಚನೆ ದುರುಗಪ್ಪ, ಕೊನೆಯ ಜವಾಬು ಮಾರೆಪ್ಪ. ಆ ಸಾಲಿಗಾಗಿ ಹಾಲೇಶ್ ಬಹಳ ದಿನ ನನ್ನೊಡನೆ ಮಾತು ಬಿಟ್ಟರು.

ವರದಿಗಾರಿಕೆಯಲ್ಲಿ ಹೊಟ್ಟೆಕಿಚ್ಚಿನವರ ಮಾತನ್ನು ಅರ್ಧ ತಳ್ಳಿಹಾಕಿಯೇ ಕೇಳುವುದು ರೂಢಿ. ಒಬ್ಬನ ಕೆಲಸವನ್ನು ಪ್ರೀತಿಸಿದವರಿಗಿಂತ, ಅದು ತನ್ನದಾಗಲಿಲ್ಲವೆಂದು ಸಂಕಟಪಟ್ಟವನು ಹೆಚ್ಚು ಗಮನವಿಟ್ಟು ಕೇಳಿರಬಹುದು ಎಂಬುದನ್ನು ಈ ಪ್ರಕರಣ ನನಗೆ ಕಲಿಸಿತು. ಕಿರಿಯ ವರದಿಗಾರರಿಗೆ ಇದನ್ನೇ ಹೇಳುತ್ತೇನೆ.

ಮಾರೆಪ್ಪನವರ ಸ್ವಂತ ಮಟ್ಟುಗಳು ಇದುವರೆಗೆ ಎಲ್ಲಿಯೂ ರೆಕಾರ್ಡ್ ಆಗಿಲ್ಲ. ಕಳೆದ ತಿಂಗಳು ಹಡಗಲಿಯ ಮದುವೆಯೊಂದರಲ್ಲಿ ಹಾಲೇಶ್ ಅವರ ಬ್ಯಾಂಡ್ ಸರ್ಕಲ್ ಮಟ್ಟನ್ನು ಪೂರ್ತಿ ನುಡಿಸಿತು. ಕೊನೆಯ ಜವಾಬನ್ನೂ ನುಡಿಸಿತು. ಅದು ಯಾರದೆಂದು ಬೀಗರೊಬ್ಬರು ಕೇಳಿದಾಗ, ತಮ್ಮ ಮಾಸ್ತರದೇ ಎಂದು ಹಾಲೇಶ್ ಹೇಳಿದರು.