ಗೋಂದು ಮಾವ ಅಂಟಿಸಿದ ಅಣು

ರಸಾಯನಶಾಸ್ತ್ರ ವಿಭಾಗದ ಅಟೆಂಡರನ್ನು ಎಲ್ಲರೂ ಕರೆಯುತ್ತಿದ್ದುದು ಗೋಂದು ಮಾವ ಎಂದೇ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಅವನು ಅಂಟಿಸದೆ ಬಿಟ್ಟ ವಸ್ತು ಆ ಕಟ್ಟಡದಲ್ಲಿಲ್ಲ. ಸ್ಟೂಲಿನ ಕಾಲು, ಮುಖ್ಯಸ್ಥರ ಕನ್ನಡಕ, ಗೋಡೆ ಗಡಿಯಾರದ ಮುಳ್ಳು. ಆ ಮುಳ್ಳು ಅಂದಿನಿಂದ ಅಲ್ಲಾಡಿಯೇ ಇಲ್ಲ ಎಂಬುದು ಬೇರೆ ಮಾತು. ಸಡಿಲವಾದದ್ದನ್ನು ಕಂಡರೆ ಮನುಷ್ಯನಿಗೆ ಆಗುತ್ತಿರಲಿಲ್ಲ, ಅಷ್ಟೇ.

ಅದೇ ವಿಭಾಗದಲ್ಲಿ ಅವನ ತಂಗಿಯ ಮಗಳು ಡಾಕ್ಟರೇಟಿಗೆ ಓದುತ್ತಿದ್ದಳು. ಗಂಡನಿಲ್ಲದ ತಂಗಿ ಹೊಲಿಗೆ ಹಾಕಿ ಓದಿಸಿದ ಹುಡುಗಿ. ತಲೆ ಬಲು ಚುರುಕು, ಆದರೆ ನಾಲ್ಕು ಜನರ ಮುಂದೆ ನಿಂತರೆ ಬಾಯಿ ಕಟ್ಟಿಹೋಗುತ್ತಿತ್ತು. ಹೋದ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ಕಂಬದ ಹಾಗೆ ನಿಂತುಬಿಟ್ಟಿದ್ದಳು. ಈ ಸಲವೂ ಹಾಗಾದರೆ ಐದು ವರ್ಷದ ದುಡಿಮೆ ನೀರಿಗೆ ಬಿದ್ದಂತೆ.

ಆ ದುಡಿಮೆಯೆಲ್ಲ ಅಸೈಲ್ ಗುಂಪಿನ ಮೇಲೆ. ಒಂದು ಕಾರ್ಬನ್, ಅದಕ್ಕೆ ಜೋಡಿ ಕಡ್ಡಿಯಲ್ಲಿ, ಎಂದರೆ ಜೋಡಿ ಬಂಧದಲ್ಲಿ, ಸಿಕ್ಕಿಸಿದ ಆಕ್ಸಿಜನ್, ಇನ್ನೊಂದು ಕಡೆ ಕಾರ್ಬನ್ ಸರಪಳಿಯ ಬಾಲ, ಇಷ್ಟೇ ಅಸೈಲ್ ಗುಂಪು. ಅದು ದೊಡ್ಡ ಉಂಗುರವೊಂದಕ್ಕೆ ಒಂಟಿ ಕಡ್ಡಿಯಲ್ಲಿ ಸೇರಿರುವುದರಿಂದ ತಿರುಗಬಲ್ಲದು. ಪಕ್ಕದಲ್ಲಿ ಪರಮಾಣುಗಳ ದಪ್ಪನೆಯ ಗೊಂಚಲು ಕುಳಿತಿದ್ದರೆ ಬಾಲ ಅತ್ತ ಹೋಗಲೊಲ್ಲದು, ಖಾಲಿ ಕಡೆಗೇ ತಿರುಗಿ ನಿಲ್ಲುತ್ತದೆ. ಆಗ ಗುಂಪಿನ ಒಂದು ಮಗ್ಗುಲು ಗೊಂಚಲಿನ ಮರೆಗೆ ಬೀಳುತ್ತದೆ, ಇನ್ನೊಂದು ತೆರೆದಿರುತ್ತದೆ. ಅದರ ಜೊತೆ ಕೂಡಲು ಬರುವ ಬೇರೆ ಅಣು ತೆರೆದ ಕಡೆಯಿಂದಲೇ ಬರಬೇಕು, ಆದ್ದರಿಂದ ಒಂದೇ ಬಗೆಯ ಪದಾರ್ಥ ಹುಟ್ಟುತ್ತದೆ. ಗುಂಪು ತಿರುಗಿ ನಿಂತರೆ ಪದಾರ್ಥವೂ ಉಲ್ಟಾ.

ಇದನ್ನು ತೋರಿಸಲೆಂದು ಅವಳು ಗುಂಡು ಕಡ್ಡಿಗಳ ಪ್ಲಾಸ್ಟಿಕ್ ಮಾದರಿ ಜೋಡಿಸಿ ಪರೀಕ್ಷೆ ನಡೆಯುವ ಕೋಣೆಯ ಮೇಜಿನ ಮೇಲಿಟ್ಟಿದ್ದಳು. ಪರೀಕ್ಷೆಯ ಹಿಂದಿನ ಮಧ್ಯಾಹ್ನ ಅದು ಗೋಂದು ಮಾವನ ಕಣ್ಣಿಗೆ ಬಿತ್ತು. ಆಕ್ಸಿಜನ್ನಿನ ಕೆಂಪು ಗುಂಡು ಹಿಂದಕ್ಕೆ ತಿರುಗಿದೆ, ಸಾಲದ್ದಕ್ಕೆ ಕಡ್ಡಿ ಸಡಿಲ. ಪರೀಕ್ಷಕರ ಮುಂದೆ ಕಳಚಿ ಬಿದ್ದರೆ ಹುಡುಗಿಯ ಗತಿಯೇನು? ಪಾಪ, ಒಳ್ಳೆಯ ಮನಸ್ಸಿನಿಂದಲೇ ಗೋಂದು ತಂದ. ದೊಡ್ಡವರಿಗೆ ಬೆನ್ನು ತೋರಿಸಬಾರದೆಂದು ಕೆಂಪು ಗುಂಡನ್ನು ಪರೀಕ್ಷಕರ ಕುರ್ಚಿಯ ಕಡೆಗೆ ತಿರುಗಿಸಿ ಭದ್ರವಾಗಿ ಅಂಟಿಸಿದ. ಯಾರಿಗೂ ಹೇಳಲಿಲ್ಲ.

ಮರುದಿನ ಹುಡುಗಿ, "ಸರ್, ಇದು ಹೀಗೆ ತಿರುಗುತ್ತೆ," ಎಂದು ತಿರುಗಿಸಲು ಹೋದಳು. ತಿರುಗಲಿಲ್ಲ. ಇನ್ನಷ್ಟು ಬಲ ಹಾಕಿದಳು. ಮೇಜು ಅಲ್ಲಾಡಿತು, ಅಣು ಅಲ್ಲಾಡಲಿಲ್ಲ.

ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, "ಇದರಲ್ಲಿ ಬಾಲ ಗೊಂಚಲಿನ ಕಡೆಗೇ ಇದೆಯಲ್ಲಮ್ಮ. ಇದು ಸರಿಯಾದ್ರೆ ನಿಮ್ಮ ಪ್ರಬಂಧ ತಪ್ಪಾಗುತ್ತೆ," ಎಂದರು.

ಹುಡುಗಿಯ ಬಾಯಿ ಕಟ್ಟಿತು. ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗೋಂದು ಮಾವ ಒಂದು ಹೆಜ್ಜೆ ಒಳಗಿಟ್ಟ. ಅಟೆಂಡರು ಅಲ್ಲಿ ಬಾಯಿ ಬಿಡುವ ಹಾಗಿಲ್ಲ. ಆದರೂ ಬಿಟ್ಟ.

"ತಪ್ಪು ನಂದು ಸಾರ್, ಅವಳದಲ್ಲ. ನಾನೇ ತಿರುಗಿಸಿ ಅಂಟಿಸಿದ್ದು. ಹಾಳಾದ್ದು ನಿಲ್ಲಲೇ ಇಲ್ಲ. ಕೈ ಬಿಟ್ಟರೆ ಬಾಲ ಗೊಂಚಲಿಗೆ ಬಡಿದು ಮತ್ತೆ ಮೊದಲಿನ ಕಡೆಗೇ ಹೋಗೋದು. ಗೋಂದು ಒಣಗೋ ತನಕ ಎರಡು ಗಂಟೆ ದಾರ ಕಟ್ಟಿ ಎಳೆದು ಹಿಡಿದಿದ್ದೆ."

ಪರೀಕ್ಷಕರು ಹುಡುಗಿಯ ಕಡೆ ತಿರುಗಿ, "ಇದಕ್ಕೇನಂತೀರಿ?" ಎಂದರು.

ಅವಳಿಗೆ ನಗು ಬಂದುಬಿಟ್ಟಿತು. ನಗುವಿನ ಹಿಂದೆಯೇ ಮಾತೂ ಬಂತು. "ನನ್ನ ಅಣುವಿಗೆ ದಾರ ಕಟ್ಟಿ ಹಿಡಿಯೋ ಮಾವ ಇಲ್ಲ, ಸರ್. ಅದಕ್ಕೇ ಅದು ಸರಿಯಾದ ಕಡೆಗೆ ತಿರುಗಿ ನಿಲ್ಲುತ್ತೆ. ಆದ್ರೆ ಪ್ಲಾಸ್ಟಿಕ್ ಹೇಳಿದ್ದನ್ನ ನಂಬಬೇಡಿ, ಹರಳಿಗೆ ಎಕ್ಸ್-ರೇ ಹಾಯಿಸಿ ತೆಗೆದ ಅಣುವಿನ ಚಿತ್ರ ನೋಡಿ." ಅಲ್ಲಿಂದ ಮುಕ್ಕಾಲು ಗಂಟೆ ಮಾತಾಡಿದಳು. ನೂರರಲ್ಲಿ ತೊಂಬತ್ತಾರು ಪಾಲು ಒಂದೇ ಬಗೆಯ ಪದಾರ್ಥ ಹುಟ್ಟಿದ್ದನ್ನು ಅಂಕಿಅಂಶ ಸಮೇತ ತೋರಿಸಿದಳು. ಟೀ ಆರಿ ತಣ್ಣಗಾಯಿತು.

ಪರೀಕ್ಷಕರು ಸಹಿ ಹಾಕಿ, "ಅಭಿನಂದನೆ, ಡಾಕ್ಟರ್. ಇನ್ನು ಇದನ್ನ ಸರಿಯಾಗಿ ತಿರುಗಿಸಿಡಿ," ಎಂದರು.

"ಅದು ಆಗೋ ಮಾತಲ್ಲ ಸಾರ್," ಎಂದ ಗೋಂದು ಮಾವ, ಕಣ್ಣು ತುಂಬಿದ್ದರೂ ಜಂಬ ಬಿಡದೆ. "ನಾನು ಅಂಟಿಸಿದ್ದು ಬಿಡೋದಿಲ್ಲ. ಬೇರೆ ಜೋಡಿಸಿ ಕೊಡ್ತೀನಿ. ಗೋಂದು ಹಾಕಲ್ಲ. ಅದೂ ಇವಳ ಹಾಗೆ ತಾನೇ ನಿಂತ್ಕೊಳ್ಳುತ್ತೆ."