ಮಾರ್ಜವ್ವನ ಹತ್ತಿರ ಉಳಿದ ಡಬ್ಬಿ

ಬೇಸಿಗೆ ರಜೆ ಡಿಸೆಂಬರಿನಲ್ಲಿ ಬರುತ್ತಿದ್ದ ಕಾಲವೊಂದು ನನ್ನ ಬಾಲ್ಯದಲ್ಲಿತ್ತು. ಆಗ ಊರಿಗೆ ಫೋನ್ ಮಾಡಬೇಕೆಂದರೆ ಕಾರ್ಡ್ ಕೊಂಡು, ಉಗುರಿನಿಂದ ಕೆರೆದು, ಅದರ ಮೇಲಿನ ನಂಬರನ್ನೆಲ್ಲ ಒತ್ತಿ ಕಾಯಬೇಕಿತ್ತು. ಅಪ್ಪ ಧಾರವಾಡದವರು, ಲಂಡನ್ನಿನ ಸಟನ್‌ನಲ್ಲಿ ಆಸ್ಪತ್ರೆಯ ಡಾಕ್ಟರು. ನನಗೆ ಹತ್ತು ತುಂಬಿದ ವರ್ಷ ಅವರಿಗೆ ಅದೇನು ಹುಮ್ಮಸ್ಸು ಬಂತೋ, ಒಂದು ವರ್ಷದ ಮಟ್ಟಿಗೆ ಆಸ್ಟ್ರೇಲಿಯಾದ ಹಳ್ಳಿಗಾಡಿನ ಕೆಲಸ ಒಪ್ಪಿಕೊಂಡರು. ಯಾವ ಊರಿನ ಡಾಕ್ಟರು ರಜೆ ಹಾಕುತ್ತಾರೋ ಆ ಊರಿಗೆ ಹೋಗಿ ಅವರ ಬದಲು ಕೂರುವ ಕೆಲಸ ಅದು. ನಾನು ಸಟನ್‌ನ ಶಾಲೆಯಲ್ಲಿ ಕಾಂಗರೂ, ಸಮುದ್ರ, ಮರಳು ಎಂದು ಸಾಕಷ್ಟು ಜಂಬ ಕೊಚ್ಚಿಯೇ ವಿಮಾನ ಹತ್ತಿದ್ದೆ. ಹೋಗಿ ಇಳಿದದ್ದು ಕಣ್ಣು ಹಾಯುವಷ್ಟು ದೂರ ಗೋಧಿ ಕೊಯ್ದ ಬಯಲಿರುವ ಊರಿನಲ್ಲಿ. ಅಲ್ಲಿಂದ ಸಮುದ್ರಕ್ಕೆ ಹೋಗಲು ಇಡೀ ಒಂದು ಹಗಲು ಕಾರು ಓಡಿಸಬೇಕಿತ್ತು.

ಡಾಕ್ಟರಿಗೆಂದು ಇಟ್ಟಿದ್ದ ಮನೆಗೆ ಗೆದ್ದಲು ಹಿಡಿದಿತ್ತು. ರಿಪೇರಿ ಆಗುವ ತನಕ ಕ್ಯಾರವಾನ್ ಪಾರ್ಕಿನಲ್ಲಿರಿ, ಎರಡೇ ವಾರ ಅಂದರು. ಬೇಸಿಗೆಯೆಲ್ಲ ಅಲ್ಲೇ ಕಳೆಯಿತು. ರೈಲು ಹಳಿಯ ಪಕ್ಕದ ಬಯಲು, ಅದರಲ್ಲಿ ಸಾಲಾಗಿ ನಿಂತ ಚಕ್ರದ ಮನೆಗಳು, ಒಂದೊಂದರ ಮುಂದೆ ಒಂದೊಂದು ನಲ್ಲಿ. ಕಕ್ಕಸು, ಸ್ನಾನ, ಬಟ್ಟೆ ಒಗೆಯುವುದು ಎಲ್ಲರಿಗೂ ಸೇರಿ ಪಾರ್ಕಿನ ನಡುವೆ ಒಂದೇ ಕಟ್ಟಡದಲ್ಲಿ. ಊರಿಗೆ ಫೋನ್ ಮಾಡಿದಾಗ ಅವ್ವ ನಮ್ಮ ಅಜ್ಜಿಗೆ ಹೇಳುತ್ತಿದ್ದಳು: "ದವಾಖಾನಿ ಕ್ವಾರ್ಟರ್ಸ್ ಬೇ. ಸಣ್ಣದೈತಿ, ಖರೆ ಮುಂದ ದೊಡ್ಡ ಗಾರ್ಡನ್ ಐತಿ." ಗಾರ್ಡನ್ ಎಂದರೆ ನಾಲ್ಕು ನೀಲಗಿರಿ ಮರ. ಮಧ್ಯಾಹ್ನದ ಬಿಸಿಲಿಗೆ ಆ ಎಲೆಗಳು ಕಾದು ಪಾರ್ಕೆಲ್ಲ ನೆಗಡಿಯ ಮುಲಾಮಿನಂತೆ ನಾರುತ್ತಿತ್ತು.

ಡಾಕ್ಟರ ಮಗಳಾಗಿ ಗಾಡಿಯೊಳಗೆ ಮಲಗುವುದು ನನಗೆ ಅವಮಾನ. ಅದಕ್ಕಿಂತ ದೊಡ್ಡ ಅವಮಾನ ಬೆಳಗಿನದು. ಆ ಕಕ್ಕಸಿನಲ್ಲಿ ಕಾಗದ ಬಿಟ್ಟರೆ ಬೇರೇನಿಲ್ಲ, ಅವ್ವ ಅದನ್ನು ಮುಟ್ಟುವವಳಲ್ಲ. ಹಸಿರು ಪ್ಲಾಸ್ಟಿಕ್ ಚಂಬು ಹಿಡಿದು, ಟೀ ಕುಡಿಯುತ್ತ ಕೂತ ಮುದುಕರಿಗೆಲ್ಲ ಗುಡ್ ಮಾರ್ನಿಂಗ್ ಹೇಳುತ್ತ, ಬಯಲು ದಾಟಿ ಹೋಗುತ್ತಿದ್ದಳು. ನಾನು ನನ್ನ ಚಂಬನ್ನು ಟವೆಲ್ಲಿನಲ್ಲಿ ಸುತ್ತಿ, ಅವಳಿಗಿಂತ ಇಪ್ಪತ್ತು ಮಾರು ಹಿಂದೆ, ಸಂಬಂಧವೇ ಇಲ್ಲದವಳ ಹಾಗೆ ಹೋಗುತ್ತಿದ್ದೆ.

ನಮ್ಮ ಪಕ್ಕದ ಕ್ಯಾರವಾನಿನಲ್ಲಿ ಮಾರ್ಜ್ ಎಂಬ ಮುದುಕಿ ಇದ್ದಳು. ಅವ್ವನ ಬಾಯಲ್ಲಿ ಒಂದೇ ದಿನಕ್ಕೆ ಮಾರ್ಜವ್ವ ಆದಳು. ಬೇರೆಯವರು ಬಂದು ಹೋಗುವವರು, ಮಾರ್ಜವ್ವ ವರ್ಷವಿಡೀ ಅಲ್ಲಿಯೇ ಇರುವವಳು. ಅವಳ ಗಾಡಿಯ ಚಕ್ರಕ್ಕೆ ಗಾಳಿಯಿರಲಿಲ್ಲ, ಹುಲ್ಲು ಅರ್ಧದವರೆಗೆ ಬೆಳೆದಿತ್ತು. ಬಾಗಿಲ ಮುಂದೆ ಹಳೆಯ ಬಕೆಟ್ಟುಗಳಲ್ಲಿ ಟೊಮ್ಯಾಟೊ, ಪುದೀನ. ನಾವು ಹೋದ ಮರುದಿನವೇ ಒಂದು ಗಾಜಿನ ಬೋಗುಣಿಯ ತುಂಬ ಕುಂಬಳಕಾಯಿ ಹಾಕಿ ಸುಟ್ಟ ಸ್ಕೋನ್ ಎಂಬ ಪುಟ್ಟ ಬನ್ನುಗಳನ್ನು ತಂದುಕೊಟ್ಟು, "ಬಿಸಿಯಿರುವಾಗಲೇ ತಿನ್ನಿ" ಎಂದು ಹೋದಳು.

ಆಗ ನೋಡಬೇಕಿತ್ತು ಅವ್ವನ ಸಡಗರ. ಯಾರಾದರೂ ಏನಾದರೂ ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ, ಬಾಂಡ್ಲಿ ಒಲೆಯ ಮೇಲೇರಿತು. ಸಂಜೆಗೆ ಆ ಬೋಗುಣಿಯಲ್ಲಿ ಚುರಮರಿ ಚೂಡಾ ಹೋಯಿತು. ಅದು ಸಾಲದೆಂದು ಜೊತೆಗೆ ನಮ್ಮದೇ ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಉಂಡಿ. ಧಾರವಾಡದಿಂದ ಸಟನ್‌ಗೆ, ಸಟನ್‌ನಿಂದ ಇಲ್ಲಿಗೆ ಅವ್ವ ಹೊತ್ತು ತಂದ ಡಬ್ಬಿಗಳ ಸೆಟ್ಟು ಅದು, ಒಂದರೊಳಗೊಂದು ಕೂರುವಂಥದ್ದು. ಕೊಡಲು ಹೋದವಳು ನಾನು.

"ನನ್ನ ಬೋಗುಣಿ ತುಂಬಿ ಬಂತಲ್ಲ!" ಎಂದಳು ಮಾರ್ಜವ್ವ.

ನಾನು ಎರಡು ಕೈ ಸೊಂಟದ ಮೇಲಿಟ್ಟು ಹೇಳಿದೆ, ಇವತ್ತಿಗೂ ಆ ದನಿ ನನ್ನ ಕಿವಿಯಲ್ಲಿದೆ: "ನಾವು ಖಾಲಿ ಪಾತ್ರೆ ವಾಪಸ್ ಕೊಡುವುದಿಲ್ಲ. ಹಾಗೆ ಕೊಡುವುದು ನಮ್ಮಲ್ಲಿ ನಾಚಿಕೆಗೇಡು."

"ಹೌದಾ ಕಂದಾ? ಒಳ್ಳೆಯ ಪದ್ಧತಿ. ನೆನಪಿಟ್ಟುಕೊಳ್ಳುತ್ತೇನೆ" ಎಂದಳು.

ನೆನಪಿಟ್ಟುಕೊಂಡಳು. ಮಾರನೆಯ ದಿನ ನಮ್ಮ ಡಬ್ಬಿ ಬಂತು, ಒಳಗೆ ಏಪ್ರಿಕಾಟ್ ಜಾಮ್. ಅವ್ವ ಬಿಟ್ಟಾಳೆಯೇ, ಕರ್ಜಿಕಾಯಿ ಕರಿದಳು. ಅಲ್ಲಿಂದ ಕೇಕ್, ಇಲ್ಲಿಂದ ಹೋಳಿಗೆ. ಅಲ್ಲಿಂದ ಟೊಮ್ಯಾಟೊ ಚಟ್ನಿ, ಇಲ್ಲಿಂದ ಚಕ್ಕುಲಿ. ನಡುವೆ ಓಡಾಡುವ ಪೋಸ್ಟ್‌ಮನ್ ನಾನು. ಆ ಬೇಸಿಗೆಯ ರುಚಿಯೆಲ್ಲ ನನಗೆ ಆ ಎರಡು ಗಾಡಿಗಳ ನಡುವಿನ ದಾರಿಯಲ್ಲೇ ಸಿಕ್ಕಿತು. ಒಂದು ಕೈಯಲ್ಲಿ ಡಬ್ಬಿ ಹಿಡಿದು, ಇನ್ನೊಂದು ಕೈಯಿಂದ ಮುಖಕ್ಕೆ ಮುತ್ತುವ ನೊಣ ಓಡಿಸುತ್ತ, ದಾರಿಯಲ್ಲೇ ಮುಚ್ಚಳ ತೆಗೆದು ಒಂದು ಚೂರು ಮುರಿದು ಬಾಯಿಗೆ ಹಾಕುತ್ತಿದ್ದೆ. ಮಾರ್ಜವ್ವ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಇಸ್ಪೀಟು ಕಲಿಸಿದಳು. ಬೇಕೆಂದೇ ಸೋಲುತ್ತಿದ್ದಳು.

ಅವ್ವನ ಸಂಭ್ರಮದಲ್ಲಿ ಸ್ವಲ್ಪ ಠೇಂಕಾರವೂ ಇತ್ತು ಎಂದು ಈಗ ಅನ್ನಿಸುತ್ತದೆ. ಗಾಡಿಯಲ್ಲಿದ್ದರೇನು, ನಾವು ಎಂಥ ಮನೆತನದವರು ಎಂದು ತೋರಿಸಲು ಆ ಊರಿನಲ್ಲಿ ಅವಳಿಗಿದ್ದದ್ದು ಆ ಡಬ್ಬಿಯೊಂದೇ. "ಇನ್ನ ನಾಕ್ ಹಾಕ. ಕಡಿಮಿ ಕಂಡ್ರ ಏನ್ ತಿಳಕೊಂಡಾಳ ಅಕಿ?" ಎಂದು ನನ್ನಿಂದ ಒತ್ತಿ ಒತ್ತಿ ತುಂಬಿಸುತ್ತಿದ್ದಳು.

ಜನವರಿ ಕಳೆಯುತ್ತ ಬಂದಂತೆ ಆ ಕಡೆಯಿಂದ ಬರುವುದು ಬದಲಾಯಿತು. ಒಮ್ಮೆ ಅಂಗಡಿಯ ಬಿಸ್ಕತ್ತು. ಒಮ್ಮೆ ನಾಲ್ಕು ನಿಂಬೆಹಣ್ಣು. ಮತ್ತೊಮ್ಮೆ ಬರೀ ಪುದೀನ ಸೊಪ್ಪು.

"ಮುಗೀತ್ ನೋಡ್ ಮಾರ್ಜವ್ವನ ಅಡಗಿ!" ಎಂದು ಅವ್ವ ನಕ್ಕಳು. ನಾನೂ ನಕ್ಕೆ. ಗೆದ್ದ ಖುಷಿಗೆ ಅವ್ವ ಅಂದೇ ಅದೇ ಡಬ್ಬಿಯ ತುಂಬ ಅಳ್ಳಿಟ್ಟಿನ ಉಂಡಿ ಕಳಿಸಿದಳು.

ಆ ಡಬ್ಬಿ ವಾಪಸ್ ಬರಲಿಲ್ಲ. ಮಾರ್ಜವ್ವ ಮೆಟ್ಟಿಲ ಮೇಲೆ ಕೂರುವುದನ್ನೂ ಬಿಟ್ಟಳು. ಸ್ನಾನದ ಕಟ್ಟಡಕ್ಕೆ ನಮ್ಮ ಮುಂದಿನ ದಾರಿ ಬಿಟ್ಟು ಬೇಲಿಯ ಪಕ್ಕದಿಂದ ಸುತ್ತಿ ಹೋಗತೊಡಗಿದಳು. ಅವ್ವನಿಗೆ ಸಿಟ್ಟು ಬಂತು.

"ಏನ್ ಅಂದಿ ಅಕಿಗೆ?"

"ನಾ ಏನೂ ಅಂದಿಲ್ಲ."

"ಮತ್ತ್ಯಾಕ ಮಾರಿ ತಪ್ಪಿಸ್ತಾಳ? ಹೋಗು, ಡಬ್ಬಿ ಇಸ್ಕೊಂಡ್ ಬಾ. ಸೆಟ್ ಒಡೀತೈತಿ."

ಹೋದೆ. ಬಾಗಿಲು ತೆರೆಯಲು ಅವಳು ತಡ ಮಾಡಿದಳು, ತೆರೆದರೂ ಅರ್ಧ. ಆ ಅರ್ಧದಲ್ಲೇ ನನಗೆ ಒಳಗಿನ ಕಪಾಟು ಕಂಡಿತು. ಚಹಾದ ಡಬ್ಬ, ಅರ್ಧ ಬ್ರೆಡ್ಡು, ಉಪ್ಪು. ಕೆಳಗಿನ ಹಲಗೆ ಖಾಲಿ. ಮೇಜಿನ ಮೇಲೆ ನಮ್ಮ ಡಬ್ಬಿ, ಕನ್ನಡಿಯ ಹಾಗೆ ತಿಕ್ಕಿ, ಬಟ್ಟೆಯ ಮೇಲೆ ಬೋರಲು ಹಾಕಿಟ್ಟಿದ್ದಳು.

"ಅವ್ವ ಡಬ್ಬಿ ಕೇಳಿದಳು" ಎಂದೆ.

ಅವಳ ಕತ್ತು, ಕೆನ್ನೆ ಎಲ್ಲ ಕೆಂಪಾದವು. ಅಷ್ಟು ವಯಸ್ಸಾದವರು ಹಾಗೆ ಕೆಂಪಾಗುವುದನ್ನು ನಾನು ಅದೇ ಮೊದಲು ನೋಡಿದ್ದು. "ಗುರುವಾರ ನನ್ನ ಪೆನ್ಷನ್ ಬರುತ್ತೆ ಕಂದಾ. ಅಲ್ಲಿಯ ತನಕ ಅದರಲ್ಲಿ ಹಾಕಲು ನನ್ನ ಹತ್ತಿರ ಏನೂ ಇಲ್ಲ. ಖಾಲಿ ಕೊಡಬಾರದಲ್ಲ. ಅಮ್ಮನಿಗೆ ಹೇಳು, ಗುರುವಾರ ಖಂಡಿತ ತರುತ್ತೇನೆ."

ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಖಾಲಿ ಕೊಡುವುದು ನಾಚಿಕೆಗೇಡು ಎಂದು ನಾನೇ ಹೇಳಿಕೊಟ್ಟಿದ್ದನ್ನೂ ಹೇಳಿದೆ. ಒಲೆಯ ಮೇಲೆ ಏನೋ ಹುರಿಯುತ್ತಿದ್ದ ಅವ್ವ ಗ್ಯಾಸ್ ಆರಿಸಿ ಮೆಟ್ಟಿಲ ಮೇಲೆ ಹೋಗಿ ಕೂತಳು.

"ಚಪಾತಿ, ಪಲ್ಯ ಒಯ್ದು ಕೊಡ್ಲೇನ ಅವ್ವ?" ಎಂದು ನಾನೇ ಕೇಳಿದೆ.

"ಬ್ಯಾಡ. ಇನ್ನೊಂದ್ ಕೊಟ್ರ ಅಕಿಗೆ ಇನ್ನೊಂದ್ ಭಾರ." ಆಮೇಲೆ ತನಗೇ ಎಂಬಂತೆ, "ಉಣ್ಣೋದು ಬಿಟ್ಟು ನಮಗ ಕೊಟ್ಟಾಳಲ್ಲ. ನಾ ನಕ್ಕೆನಲ್ಲ" ಎಂದಳು.

ಗುರುವಾರ ಡಬ್ಬಿ ಬಂದ ಮೇಲೆ ಎಲ್ಲ ಸರಿ ಮಾಡೋಣ, ಇನ್ನು ಏನನ್ನೂ ಕಳಿಸದೆ ಬರೀ ಮಾತಾಡಿಸಲು ಹೋಗೋಣ ಎಂದು ಅವ್ವ ಅಂದುಕೊಂಡಿದ್ದಳು. ಆದರೆ ಮಂಗಳವಾರ ಸಂಜೆ ಅಪ್ಪ ಬಂದವರೇ ಸಾಮಾನು ಕಟ್ಟಿ ಎಂದರು. ದೂರದ ಇನ್ನೊಂದು ಊರಿನ ಡಾಕ್ಟರು ಹಾಸಿಗೆ ಹಿಡಿದಿದ್ದಾರೆ, ಬೆಳಿಗ್ಗೆಯೇ ಹೊರಡಬೇಕು.

ನನಗೆ ಖುಷಿಯಾಯಿತು. ಆ ಊರಿನಲ್ಲಿ ನಮಗೆ ಇಟ್ಟಿಗೆಯ ಮನೆಯಿದೆ ಎಂದಿದ್ದರು. ಬಯಲು ದಾಟಿ ಚಂಬು ಹೊತ್ತು ಹೋಗುವುದು ಮುಗಿಯಿತು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಇದನ್ನು ಬರೆಯಲು ಕೂತಾಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಆ ಖುಷಿಗೇ.

ಬುಧವಾರ ಬೆಳಿಗ್ಗೆ ಕಾರು ಹತ್ತಿದೆವು. ಮಾರ್ಜವ್ವ ಹೊರಗೆ ಬಂದಳು. ನಮ್ಮ ಕಾರಿನ ಮೇಲೆ ಕಟ್ಟಿದ ಸೂಟ್‌ಕೇಸುಗಳನ್ನು ನೋಡಿ ಒಳಗೆ ಓಡಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ಮತ್ತೆ ಬಂದಳು. ಮೆಟ್ಟಿಲವರೆಗೆ ಬಂದು ನಿಂತಳು. ಒಂದು ಸಲ ಡಬ್ಬಿಯೊಳಗೆ ನೋಡಿದಳು, ಒಂದು ಸಲ ನಮ್ಮ ಕಡೆ. ಮುಂದೆ ಬರಲಿಲ್ಲ.

"ಡಬ್ಬಿ ಇಸ್ಕೋಬಾರದ?" ಎಂದರು ಏನೂ ತಿಳಿಯದ ಅಪ್ಪ.

ಅವ್ವ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಳು. ಖಾಲಿ ಡಬ್ಬಿಗೆ ಕೈ ಚಾಚಿ ಆ ಮುದುಕಿಯನ್ನು ನಾಚಿಸುವುದೋ, ಬಿಟ್ಟು ಹೋಗಿ ನಾಚಿಸುವುದೋ ಅವಳಿಗೆ ತಿಳಿಯಲಿಲ್ಲ. ಕಾಲು ಒಳಗೆ ತೆಗೆದುಕೊಂಡು ಬಾಗಿಲು ಹಾಕಿ, "ನಡೀರಿ" ಎಂದಳು. ನಾನಾದರೂ ಇಳಿದು ಓಡಬಹುದಿತ್ತು. ಅದೆಲ್ಲ ನಮ್ಮ ಮಂದಿಯ ಮಾತು, ನೀನು ಸುಮ್ಮನೆ ಕೊಡು ಮಾರ್ಜ್ ಎಂದು ಅವಳ ಭಾಷೆಯಲ್ಲಿ ಅವ್ವನಿಗಿಂತ ಸಲೀಸಾಗಿ ಹೇಳಲು ಬರುತ್ತಿದ್ದವಳು ನಾನೇ. ಮುಂದಿನ ಸೀಟಿಗೆ ಗಲ್ಲ ಆನಿಸಿ ಕೂತಿದ್ದೆ.

ಈಗ ಸಟನ್‌ನಲ್ಲಿ ನನ್ನದೇ ಮನೆಯಿದೆ, ಅಪ್ಪ ಅವ್ವ ನಮ್ಮ ಜೊತೆಗೇ ಇದ್ದಾರೆ. ನಮ್ಮ ಕನ್ನಡದವರು ಸೇರಿ ಊಟ ಮಾಡಿದಾಗೆಲ್ಲ ಉಳಿದ ಪುಳಿಯೋಗರೆ, ಪಾಯಸವನ್ನು ತೆಳು ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿ ಹಂಚುತ್ತೇವೆ. "ವಾಪಸ್ ಕೊಡ್ಬೇಡಿ, ಬಿಸಾಕ್ಬಿಡಿ" ಎನ್ನುತ್ತೇವೆ. ಅನುಕೂಲವೇ ಸರಿ. ಆದರೆ ಡಬ್ಬಿ ಹಿಡಿದು ನನ್ನ ಬಾಗಿಲು ಬಡಿದು ಬರುವವರು ಈ ಬೀದಿಯಲ್ಲಿ ಯಾರೂ ಇಲ್ಲ. ಪಕ್ಕದ ಮನೆಯವರ ಹೆಸರು ನನಗೆ ಗೊತ್ತಾದದ್ದು ಅವರ ಪಾರ್ಸೆಲ್ ನಮ್ಮ ಮನೆಗೆ ಬಂದಾಗ.

ಹೋದ ಭಾನುವಾರ ನನ್ನ ಮಗಳು ಅಟ್ಟದಿಂದ ಹಳೆಯ ಸ್ಟೀಲ್ ಸೆಟ್ಟು ಇಳಿಸಿದಳು. ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು.

"ನಡುವಿನದೊಂದು ಇಲ್ಲವಲ್ಲ ಅಜ್ಜಿ, ಯಾರು ಕಳೆದರು?" ಎಂದು ಇಂಗ್ಲಿಷಿನಲ್ಲೇ ಕೇಳಿದಳು.

"ಕಳದಿಲ್ಲ. ಬಾಜೂ ಮನಿ ಅಜ್ಜಿಗೆ ಕೊಟ್ಟಿದ್ವಿ."

"ಅವರು ವಾಪಸ್ ಕೊಡಲೇ ಇಲ್ಲವಾ?"

ಅವ್ವ ಸೆಟ್ಟನ್ನು ಮಡಿಲಿಗೆ ಎಳೆದುಕೊಂಡು, ಸದ್ದಾಗದಂತೆ ಅದರ ಮೇಲೆ ಕೈಯಿಟ್ಟಳು.

"ಅಕಿ ಕೊಡಾಕಿನ ಇದ್ಲು" ಎಂದಳು. "ನಾವ ನಿಲ್ಲಲಿಲ್ಲ."