ದೊಡ್ಡಪ್ಪ ಅಲ್ಲಾಡಿಸಿ ನೋಡಿದ ಚಿಪ್

“ಕಾಯಿ ಸುಲಿಯೋ ಮನೆ ಹೆಣ್ಣು ಇಂಜಿನಿಯರ್ ಆಯ್ತಳಾ? ಆಗೋ ಮಾತಾ ಇದು?” ಎಂದು ನಾನು ಇಂಜಿನಿಯರಿಂಗ್ ಸೇರುವಾಗ ಹೇಳಿದ್ದವರು ಗಂಡಸಿ ಊರಿನ ನಮ್ಮ ದೊಡ್ಡಪ್ಪ. ಈಗ ಪಿಯುಸಿ ಪಾಸಾದ ತಮ್ಮ ಮಗಳು ಶೋಭಾಳ ಓದನ್ನೂ ಅಲ್ಲಿಗೇ ನಿಲ್ಲಿಸುವವರಿದ್ದರು.

ಗಣಿತದಲ್ಲಿ ಬಿದ್ದು ಎದ್ದು, ನಮ್ಮ ಮನೆತನದ ಮೊದಲ ಪದವಿ ಪಡೆದು ಊರಿಗೆ ಹೋದವಳು, ಪ್ರಾಜೆಕ್ಟಿಗೆ ಬಳಸಿದ್ದ ಬೆರಳುಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್ ಒಂದನ್ನು ಅವರ ಅಂಗೈಯಲ್ಲಿಟ್ಟೆ. “ಇದರೊಳಗೆ ಕೂದಲಿಗಿಂತ ಸಣ್ಣ ಎಳೆಗಳ ಯಂತ್ರ ಇದೆ ದೊಡ್ಡಪ್ಪ. ಅಲುಗಿದರೆ ಅದಕ್ಕೆ ಗೊತ್ತಾಗುತ್ತೆ. ಕಾರು ಗುದ್ದಿದಾಗ ಏರ್‌ಬ್ಯಾಗ್ ಅನ್ನೋ ಗಾಳಿಚೀಲ ಬಿಚ್ಚಿಸೋದು ಇಂಥದ್ದೇ.”

ಅಟ್ಟದ ಕಾಯಿ ಕೊಬ್ಬರಿಯಾಗಿದೆಯೇ ಎಂದು ಅಲ್ಲಾಡಿಸಿ ಸದ್ದು ಕೇಳುವುದು ನಮ್ಮಲ್ಲಿ ರೂಢಿ; ಒಳಗೆ ಲೊಡಲೊಡ ಎಂದರೆ ಒಣಗಿದೆ ಎಂದರ್ಥ. ದೊಡ್ಡಪ್ಪ ಚಿಪ್ ಅನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

“ಸದ್ದೇ ಇಲ್ವಲ್ಲೇ! ಇನ್ನೂ ಹಸಿ ಐತೇನೋ.”

ಪಕ್ಕದಲ್ಲಿದ್ದ ಶೋಭಾ ಕಿಸಕ್ಕನೆ ನಕ್ಕಳು. ನಾನು ಚಿಪ್‌ಗೆ ಬ್ಯಾಟರಿ, ತಂತಿ ಸಿಕ್ಕಿಸಿ, ಜೊತೆಗೆ ತಂದಿದ್ದ ಅಂಕಿ ತೋರಿಸುವ ಪುಟ್ಟ ಮೀಟರಿಗೆ ಜೋಡಿಸಿದೆ. “ನಮ್ಮ ಕಿವಿಗೆ ಕೇಳಲ್ಲ, ಇದಕ್ಕೆ ಕೇಳುತ್ತೆ. ಈಗ ಅಲ್ಲಾಡಿಸಿ.” ಅವರ ಕೈ ಅಲುಗಿದಂತೆಲ್ಲ ಮೀಟರಿನ ಅಂಕಿ ಕುಣಿಯಿತು. ಮೆಲ್ಲಗೆ ಓರೆ ಮಾಡಿದರು, ಅದಕ್ಕೂ ಬದಲಾಯಿತು.

ಆಗ ಪದವಿ ಪ್ರಮಾಣಪತ್ರ ಕೊಟ್ಟೆ. ಟವೆಲ್ಲಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡರು. ಬಹಳ ಹೊತ್ತು ನೋಡಿ ಮಗಳ ಕಡೆ ತಿರುಗಿದರು.

“ನಾಳೆ ಅಕ್ಕನ ಜೊತೆ ಹಾಸನಕ್ಕೆ ಹೋಗಿ ಕಾಲೇಜು ಸೇರ್ಕೊಳ್ಳೇ. ನಾನೂ ಬತ್ತೀನಿ.”